ಹಿಂದಿನ ಸೀಟಿನಿಂದ ಕಂಡ ದಾರಿ

ದಿಬ್ಬದ ಮೇಲಿನ ಕೋಣೆ,
ಮೇ ೨೦, ಸೋಮವಾರ

ಪ್ರೀತಿಯ ಮಗಳಿಗೆ,

ಇತ್ತ ನಾನು ಕ್ಷೇಮ. ಅತ್ತ ನೀವು ಕ್ಷೇಮವಾಗಿಲ್ಲವೆಂದು ಬಲ್ಲೆ, ಆದ್ದರಿಂದ ಕೇಳುವುದಿಲ್ಲ. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾದುದಕ್ಕೆ ಕ್ಷಮಿಸು ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಆದರೆ ಕೈಗೆ ಬಿಡುವಿರಲಿಲ್ಲ, ಕಣ್ಣು ನೋಯುತ್ತಿತ್ತು ಎಂದೆಲ್ಲ ಸಬೂಬು ಹೇಳುವುದಿಲ್ಲ. ಬೇಕೆಂದೇ ತಡ ಮಾಡಿದೆ. ಪತ್ರಿಕೆಯವರು ಬಂದು ಹೋಗಲಿ ಎಂದು ಕಾದೆ.

“ಅಮ್ಮ, ಹದಿನೆಂಟಕ್ಕೆ ಪ್ರವಾಸದ ಪತ್ರಿಕೆಯವರು ಬರ್ತಿದ್ದಾರೆ. ಇದುವರೆಗೆ ಬಂದವರೆಲ್ಲ ದಾರಿ ತುಂಬ ಕಷ್ಟ ಅಂತಿದ್ದಾರೆ. ಎಲ್ಲಿ ತಪ್ಪಿದೆ ಅಂತ ನೀನೇ ಹೇಳಬೇಕು. ಇವರೂ ಹಾಗೇ ಬರೆದುಬಿಟ್ರೆ ಕಂಪನಿ ಮುಚ್ಚಬೇಕಾಗುತ್ತೆ” ಎಂದು ಬರೆದಿದ್ದೀಯ. ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಕುಂಟು ಕಾಲಿನ ಕೆಳಗೆ ಇಟ್ಟೆ. ಈಗ ಮೇಜು ಅಲ್ಲಾಡುವುದಿಲ್ಲ. ಈ ಉತ್ತರವನ್ನು ಅದರ ಮೇಲೆಯೇ ಬರೆಯುತ್ತಿದ್ದೇನೆ.

ಅಂಚೆಪೆಟ್ಟಿಗೆಯ ಸಂಖ್ಯೆ ಬಿಟ್ಟರೆ ನಾನಿರುವ ಜಾಗ ನಿನಗೆ ಗೊತ್ತಿಲ್ಲ. ಈಗ ಹೇಳಬಹುದು. ನೀನೂ ನಿಮ್ಮಪ್ಪನೂ ಕಂಪನಿಯ ಬ್ರೋಷರಿನಲ್ಲಿ ಅಚ್ಚು ಹಾಕಿಸಿದ್ದೀರಲ್ಲ, ‘ಹೊಳೆಯ ದಾರಿ: ಆರಾಮದ ಸೈಕಲ್ ರಜೆ’ ಎಂದು, ಅದರ ಕೊನೆಯ ಏರು ಮುಗಿಯುವ ಕಡೆ, ನಾವು ಮೊದಲಿದ್ದ ಮನೆಯಿಂದ ಕೂಗಳತೆಯಲ್ಲಿ, ಹಳೆಯ ನೀರಿನ ಟ್ಯಾಂಕಿನ ಪಕ್ಕದ ಕೋಣೆ. ಕಳೆದ ಚಳಿಗಾಲದಿಂದ ಇಲ್ಲಿದ್ದೇನೆ. ಮುಂದುಗಡೆ ಒಂದು ಬೆಂಚು, ಗಾಳಿ ಪಂಪು, ಪಂಕ್ಚರ್ ನೋಡಲು ನೀರಿನ ತೊಟ್ಟಿ, ಗೋಡೆಯ ಮೊಳೆಗಳಿಗೆ ಸ್ಪ್ಯಾನರುಗಳು. ನಿಮ್ಮಪ್ಪನ ಸೈಕಲ್ ಅಂಗಡಿಯಲ್ಲಿ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುವಾಗ ಒಳಗೆ ಚಕ್ರದ ಬೆಂಡು ತೆಗೆಯುತ್ತಿದ್ದವಳು ನಾನು ತಾನೆ? ಆ ಕೈಕೆಲಸ ನನ್ನ ಜೊತೆಗೇ ಬಂತು. (ಅವರು ಎನ್ನಲೋ ಅವನು ಎನ್ನಲೋ ಎಂದು ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಅಭ್ಯಾಸ ಬಿಡುವುದಿಲ್ಲ, ಅವರು ಎಂದೇ ಇರಲಿ.)

ನಿಮ್ಮ ಮೊದಲ ಗುಂಪು ಬಂದ ದಿನ ಬೆಂಚಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ. ತಿರುವಿನಲ್ಲಿ ಮೊದಲು ಏದುಸಿರು ಕೇಳಿಸಿತು, ಆಮೇಲೆ ಜನ ಕಾಣಿಸಿದರು. ಒಬ್ಬರೂ ಸೈಕಲ್ ಮೇಲಿರಲಿಲ್ಲ, ಎಲ್ಲರೂ ತಳ್ಳಿಕೊಂಡು ಬರುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಆಗಲೇ ಮಾತು ಬಿಟ್ಟಿತ್ತು. ನಿವೃತ್ತ ಮೇಷ್ಟ್ರೊಬ್ಬರು ಹುಲ್ಲಿನ ಮೇಲೆ ಅಂಗಾತ ಬಿದ್ದು, “ಇದನ್ನ ಆರಾಮ ಅಂತ ಬರೆದವನು ಒಂದ್ಸಲ ತುಳೀಲಿ, ಆಮೇಲೆ ಮಾತಾಡೋಣ” ಅಂದರು. “ತುಳೀತಾರೆ, ಆ ದಿನಾನೂ ಬರುತ್ತೆ. ನೀವು ನೀರು ಕುಡೀರಿ” ಅಂದೆ. ಮಗಳೇ, ಅಂಥ ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಹೊಟ್ಟೆ ತಣ್ಣಗಾಯಿತು. ಆಮೇಲೆ ಪ್ರತಿ ಗುಂಪು ಬರುವಾಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಬೆಂಚಿಗೆ ಬಂದು ಕೂತಿದ್ದೇನೆ.

ಎಲ್ಲಿ ತಪ್ಪಿದೆ ಎಂದು ಕೇಳಿದ್ದೀಯ. ದಾರಿ ಸರಿಯಾಗಿದೆ, ದಿಕ್ಕು ತಿರುಗಿದೆ. ಅದು ಮೇಲಿನಿಂದ ಕೆಳಕ್ಕೆ ಹೋಗಲೆಂದು ನಾನು ಹುಡುಕಿದ ದಾರಿ. ಈ ಕಣಿವೆಯ ಗಾಳಿಯೂ ಮೇಲಿನಿಂದಲೇ ಬೀಸುತ್ತದೆ, ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ. ನೀವು ಜನರನ್ನು ದೋಣಿಗಟ್ಟೆಯಿಂದ ಹೊರಡಿಸಿ, ಗಾಳಿಗೆ ಎದುರಾಗಿ ಮೇಲಕ್ಕೆ ಅಟ್ಟುತ್ತಿದ್ದೀರಿ. ಬೇರೆ ಯಾರು ಕದ್ದಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ಇದನ್ನು ನೀನೊಬ್ಬಳೇ ಮಾಡಬಲ್ಲೆ. ಯಾಕೆಂದು ಹೇಳುತ್ತೇನೆ, ಕೇಳು.

ಆಗ ನಿನಗೆ ನಾಲ್ಕೋ ಐದೋ ವರ್ಷ. ಭಾನುವಾರ ನಿಮ್ಮಪ್ಪ ಮುಖದ ಮೇಲೆ ಪೇಪರು ಮುಚ್ಚಿಕೊಂಡು ಮಲಗಿದರೆ ಸಂಜೆಗೇ ಏಳುತ್ತಿದ್ದುದು. ನಾನು ನಿನ್ನನ್ನು ಹಿಂದಿನ ಸೀಟಿಗೆ ಹಳೆಯ ಟವೆಲಿನಿಂದ ಕಟ್ಟಿಕೊಂಡು ದಾರಿ ಹುಡುಕಲು ಹೊರಡುತ್ತಿದ್ದೆ. ದಾರಿ ಒಳ್ಳೆಯದೋ ಅಲ್ಲವೋ ಎನ್ನಲು ನನಗಿದ್ದ ಅಳತೆ ನೀನೇ. ಇಳಿಜಾರು ಹದವಾಗಿದ್ದು, ನೆರಳು ಕೈಬಿಡದೆ ಬಂದರೆ ನಿನಗೆ ನಿದ್ದೆ ಹತ್ತುತ್ತಿತ್ತು. ಕುಲುಕಿದರೆ, ಬಿಸಿಲು ಕಣ್ಣಿಗೆ ಹೊಡೆದರೆ ಎದ್ದು ರಾಗ ಎಳೆಯುತ್ತಿದ್ದೆ. ನೀನು ಎದ್ದ ಕಡೆ ಆ ರಸ್ತೆ ಬಿಟ್ಟು, ಮುಂದಿನ ವಾರ ಹಿಪ್ಪುನೇರಳೆ ತೋಟದ ಒಳಗಿಂದಲೋ ಹಳೆಯ ರೈಲು ಹಳಿ ಕಿತ್ತ ಜಾಡಿನಿಂದಲೋ ಹೋಗಿ ನೋಡುತ್ತಿದ್ದೆ. ಹೀಗೆ ತುಂಡು ತುಂಡಾಗಿ ಜೋಡಿಸಿದ ದಾರಿ ಅದು. ಟ್ಯಾಂಕಿನಿಂದ ದೋಣಿಗಟ್ಟೆಯವರೆಗೆ ನೀನು ಒಮ್ಮೆಯೂ ಕಣ್ಣು ಬಿಡದ ದಿನ ದಡದಲ್ಲಿ ನಿಂತು ಒಬ್ಬಳೇ ನಕ್ಕಿದ್ದೆ. ಮನೆಗೆ ಬಂದು, “ಒಂದಿನ ಜನರನ್ನ ಈ ದಾರೀಲಿ ಕರ್ಕೊಂಡು ಹೋಗ್ತೀನಿ, ರಜೆ ಕಳೆಯೋಕೆ” ಅಂದೆ. “ರಜೆ ಹಾಕಿ ಸೈಕಲ್ ತುಳಿಯೋಕೆ ಯಾರಿಗೆ ತಲೆ ಕೆಟ್ಟಿದೆ” ಎಂದು ನಿಮ್ಮಪ್ಪ ಮಗ್ಗುಲು ಬದಲಿಸಿದರು.

ನೀನು ಏಳುತ್ತಿದ್ದುದು ದೋಣಿಗಟ್ಟೆಯಲ್ಲಿ, ವಾಪಸು ಹೊರಡುವಾಗ. ಅಲ್ಲಿಂದ ಮನೆಯವರೆಗೆ ನಿನಗೆ ಹಬ್ಬ. ಕಾಲು ಆಡಿಸಿಕೊಂಡು, ಹೊಳೆಯ ಬಾತುಕೋಳಿ ಎಣಿಸಿಕೊಂಡು, ನನ್ನ ಸೊಂಟ ಹಿಡಿದು “ಇನ್ನೂ ಜೋರಾಗಿ” ಅನ್ನುತ್ತಿದ್ದೆ. ಆದ್ದರಿಂದ ನಿನ್ನ ನೆನಪಿನಲ್ಲಿ ಮೊದಲು ದೋಣಿಗಟ್ಟೆ, ಆಮೇಲೆ ಇಟ್ಟಿಗೆ ಗೂಡಿನ ಚಿಮಣಿ, ಆಮೇಲೆ ಕಲ್ಲಿನ ಸೇತುವೆ, ಕೊನೆಗೆ ಟ್ಯಾಂಕು. ನಿಮ್ಮಪ್ಪನಿಗೆ ಹಾಗೆಯೇ ಬಿಡಿಸಿ ಕೊಟ್ಟಿದ್ದೀಯ. ಆ ದಾರಿ ಆರಾಮ ಎಂದು ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ತುಳಿದವಳು ನೀನಲ್ಲವಲ್ಲ.

ಇನ್ನು ಹದಿನೆಂಟರ ಸುದ್ದಿ. ನಿಮ್ಮಪ್ಪ ಬೇರೆ ಕಥೆ ಹೇಳಿರುತ್ತಾರೆ. ನಡೆದದ್ದು ಹೀಗೆ. ಪತ್ರಿಕೆಯವರ ಎದುರು ತಾನೂ ಸವಾರ ಅನ್ನಿಸಿಕೊಳ್ಳಲು ಹೊಸ ಟೋಪಿ, ಕೊರಳಿಗೆ ಸೀಟಿ ಹಾಕಿಕೊಂಡು ಜೊತೆಗೇ ಹೊರಟಿದ್ದರು. ಟ್ಯಾಂಕಿನ ತಿರುವಿಗೆ ಬರುವಾಗ ಟೋಪಿ ಇರಲಿಲ್ಲ. ಸೈಕಲ್ಲನ್ನು ಅವರು ತಳ್ಳುತ್ತಿದ್ದರೋ, ಅದಕ್ಕೇ ಒರಗಿಕೊಂಡಿದ್ದರೋ ಹೇಳುವುದು ಕಷ್ಟ. ಮುಖ ಬೆಂದ ಬೀಟ್‌ರೂಟಿನ ಬಣ್ಣ. ತಲೆ ಎತ್ತಿ ನನ್ನನ್ನು ನೋಡಿದರು.

“ನೀನಾ? ಇಲ್ಲೇನ್ ಮಾಡ್ತಿದ್ದೀಯ?”

“ಗಾಳಿ ತುಂಬ್ತೀನಿ. ನಿಮಗೂ ಬೇಕಾಗಿರೋ ಹಾಗಿದೆ.”

ಪತ್ರಿಕೆಯ ಹೆಂಗಸು ಬೆಂಚಿನ ಮೇಲೆ ಕುಸಿದು ಶೂ ಬಿಚ್ಚುತ್ತಿದ್ದಳು. ಹಿಮ್ಮಡಿ ಸುಲಿದಿತ್ತು. “ಸರ್, ಈ ದಾರಿ ಆರಿಸಿದ್ದು ಯಾರು?” ಎಂದು ಕೇಳಿದಳು. ಬ್ರೋಷರಿನ ಮೊದಲ ಪುಟದಲ್ಲಿ ‘ನಾನು ಕಂಡುಹಿಡಿದ ದಾರಿಗಳು’ ಎಂದು ಫೋಟೊ ಸಮೇತ ನಿಂತಿರುವ ನಿಮ್ಮಪ್ಪ ಉಸಿರು ಎಳೆದುಕೊಳ್ಳುವಷ್ಟೂ ತಡಮಾಡಲಿಲ್ಲ. “ನನ್ನ ಮಗಳು ಮೇಡಂ. ಎಲ್ಲ ಅವಳದೇ. ನಾನು ಬೇಡ ಅಂತ ಬಡ್ಕೊಂಡೆ, ಕೇಳಲಿಲ್ಲ” ಅಂದರು.

ಇದನ್ನು ನಿನಗೆ ಬರೆಯಲು ನನಗೆ ಖುಷಿಯಾಗುತ್ತಿದೆ. ಮುಚ್ಚಿಡುವುದಿಲ್ಲ. ಬೇರೆಯಾದ ದಿನ ನೀನು ಬ್ಯಾಗು ಎತ್ತಿಕೊಂಡು ಹೋಗಿ ಯಾರ ಪಕ್ಕ ನಿಂತೆಯೋ, ಅವರು ನಿನ್ನ ಪಕ್ಕ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನಾನು ಕಣ್ಣಾರೆ ನೋಡಿದೆ. ನೀನೂ ಓದಿ ನೋಡು.

ನಾನು ಆ ಹೆಂಗಸಿಗೆ ಹೇಳಿದೆ: “ದಾರೀದೇನೂ ತಪ್ಪಿಲ್ಲಮ್ಮ. ಬೆಳಗಿನ ತನಕ ಇರಿ, ತಿರುಗಿಸಿ ತೋರಿಸ್ತೀನಿ.” ಅವರು ಮೇಲಿನ ಪೇಟೆಯ ಲಾಡ್ಜಿನಲ್ಲಿ ಉಳಿದರು. ನಿಮ್ಮಪ್ಪ ವ್ಯಾನು ಕರೆಸಿಕೊಂಡು, ಎರಡು ಕೈಯಲ್ಲೂ ಮೊಣಕಾಲು ಹಿಡಿದು ಹತ್ತಿ ಹೋದರು. ಹೋಗುವಾಗ ನಾನು ಕೈ ಬೀಸಿದೆ.

ಮರುದಿನ ಬೆಳಗ್ಗೆ ಟ್ಯಾಂಕಿನಿಂದ ಹೊರಟೆವು. ಹಳಿ ಕಿತ್ತ ಜಾಡಿನಲ್ಲಿ ಎರಡೂ ಕಡೆ ಗಿಡಗಳು ಬಾಗಿ ಚಪ್ಪರ ಹಾಕಿದ್ದವು. ಪೆಡಲು ತುಳಿಯುವ ಕೆಲಸವೇ ಇಲ್ಲ, ಚಕ್ರದ ಟಿಕ್ ಟಿಕ್ ಸದ್ದು ಮಾತ್ರ. ಕಲ್ಲಿನ ಸೇತುವೆ ದಾಟಿದ ಕೂಡಲೆ ಎಡಕ್ಕೆ ಹೊಳೆ ಜೊತೆಯಾಗುತ್ತದೆ, ಆಮೇಲೆ ಕೊನೆಯವರೆಗೂ ಬಿಟ್ಟುಹೋಗುವುದಿಲ್ಲ. ಚಿಮಣಿಯ ಹತ್ತಿರ ಮೀನು ಹಿಡಿಯುವವನೊಬ್ಬ ಗಾಳದಿಂದ ಕಣ್ಣು ತೆಗೆಯದೆಯೇ ಕೈಯೆತ್ತಿದ. ದೋಣಿಗಟ್ಟೆಯಲ್ಲಿ ಆ ಹೆಂಗಸು ಇಳಿದು ಕಣ್ಣು ಉಜ್ಜಿಕೊಂಡಳು. “ತಪ್ಪು ತಿಳೀಬೇಡಿ, ಎಲ್ಲೋ ಒಂದು ಕಡೆ ನಿದ್ದೆ ಬಂದ ಹಾಗಾಯ್ತು” ಅಂದಳು. ಪಾಸು ಎಂದುಕೊಂಡೆ. ದಾರಿ ಯಾರದು ಎಂದು ಮತ್ತೆ ಕೇಳಿದಳು. ನನ್ನದು ಎಂದು ಹೇಳಿದೆ. ಮುಂದಿನ ತಿಂಗಳು ಅಚ್ಚಾಗುತ್ತದಂತೆ.

ಆದ್ದರಿಂದ ನಿಮ್ಮ ಕಂಪನಿಗೆ ನಾನು ಸಹಾಯ ಮಾಡುವುದಿಲ್ಲ. ಇನ್ನು ಮೇಲೆ ಹೊಳೆಯ ದಾರಿ ನನ್ನ ಬೆಂಚಿನಿಂದ ಶುರುವಾಗುತ್ತದೆ. ಮುಚ್ಚುವುದಾದರೆ ಮುಚ್ಚಿ. ಮೊದಲು ಷಟರಿಗೆ ಸ್ವಲ್ಪ ಎಣ್ಣೆ ಬಿಡಿ, ಅದು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ನೀನೊಬ್ಬಳೇ ಬರುವುದಾದರೆ ಬೇಡ ಎನ್ನುವುದಿಲ್ಲ. ಯಾವ ಭಾನುವಾರವಾದರೂ ದೋಣಿಗಟ್ಟೆಗೆ ಬಾ. ಆ ಹಳೆಯ ಸೈಕಲ್ ಇನ್ನೂ ಇದೆ, ಹಿಂದಿನ ಸೀಟು ಬಲಪಡಿಸಿದ್ದೇನೆ. ನೀನು ತುಳಿ, ನಾನು ಹಿಂದೆ ಕೂರುತ್ತೇನೆ. ಟ್ಯಾಂಕಿನವರೆಗೆ. ಏರಿನಲ್ಲಿ ಇಳಿದು ನಡೆಯುತ್ತೇನೆ ಎಂದುಕೊಳ್ಳಬೇಡ. ಕಾಲು ಆಡಿಸಿಕೊಂಡು ಬಾತುಕೋಳಿ ಎಣಿಸುತ್ತಿರುತ್ತೇನೆ.

ನೂರು ಕಾಲ ಬಾಳು. ನಿನ್ನ ಮೊಣಕಾಲು ಗಟ್ಟಿಯಾಗಿರಲಿ. ಎದುರು ಗಾಳಿ ಸಿಕ್ಕಾಗಲೆಲ್ಲ ನನ್ನ ನೆನಪಾಗಲಿ.

ಇಂತು ನಿನ್ನ
ಅಮ್ಮ

ತಾ.ಕ.: ಅಂಗಡಿ ಹೋಯಿತು, ಮನೆ ಹೋಯಿತು, ಅದಕ್ಕೆಲ್ಲ ನಾನು ಮೂರು ವಾರ ಹಲ್ಲು ಕಚ್ಚಿ ಕೂರುವವಳಲ್ಲ. ದಾರಿಯನ್ನೂ ಕೇಳಿದ್ದರೆ ಕೊಡುತ್ತಿದ್ದೆ. ಬ್ರೋಷರಿನ ಕೊನೆಯ ಪುಟದಲ್ಲಿ ನೀನು ಬರೆದಿದ್ದೀಯ: ‘ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು, ಬೆವರಿನಿಂದ ಒದ್ದೆಯಾದ ಅವರ ನೀಲಿ ಅಂಗಿಗೆ ಕೆನ್ನೆ ಒತ್ತಿಕೊಂಡು ನೋಡಿದ ದಾರಿಗಳಿವು.’ ಬೇಕೆಂದೇ ಸುಳ್ಳು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಬರವಣಿಗೆ ನನಗೆ ಗೊತ್ತು, ನಿಜವೆಂದು ನಂಬಿಯೇ ಬರೆದಿದ್ದೀಯ. ಕಾಲರು ಹರಿಯಿತೆಂದು ನಿಮ್ಮಪ್ಪ ಬಿಸಾಕಿದ್ದ ಅಂಗಿ ಅದು, ಭಾನುವಾರ ದಾರಿ ಹುಡುಕಲು ಹೋಗುವಾಗ ತೊಡುತ್ತಿದ್ದೆ. ಅಂಗಿ ಅವರದೇ. ಒಳಗಿದ್ದವಳು ನಾನು.