ಟ್ರಂಕಿಗೆ ಹಾಕಿದ ಹಳೇ ಸೀರೆ

ಅವ್ವ,

ಇವತ್ತಿಂದ ದೀಪಿ ಹೊಟ್ಟೆಗೆ ಸೀರೆ ಸುತ್ತಿ ಬಿಗಿಬ್ಯಾಡ. ನನ್ನ ಬಾಣಂತನದಲ್ಲಿ ಬಿಗಿದೆ, ಸರಿ. ನಂದು ನಾರ್ಮಲ್ ಹೆರಿಗೆ. ತಂಗಿದು ಕುಯ್ದಿರೋ ಹೊಟ್ಟೆ ಕಣವ್ವ. ಬಟ್ಟೆ ಒಳಗೇ ಬೆವತು ಬೆವತು ಹೊಲಿಗೆ ಬಾಯಿ ಬುಟ್ಟದೆ, ಕೀವು ಇನ್ನೂ ನಿಂತಿಲ್ಲ.

ನರ್ಸಮ್ಮ ಬಂದು ಡ್ರೆಸ್ಸಿಂಗ್ ಮಾಡೋಗಂಟ ಮೈಮೇಲೆ ನೀರು ಹುಯ್ಯಬ್ಯಾಡ. ದೀಪಿಗೆ ಮೊಟ್ಟೆ ಬೇಯ್ಸಿಟ್ಟಿವ್ನಿ, ನಂಜು ಅಂತ ಇವತ್ತೂ ನಾಯಿಗೆ ಹಾಕ್ಬ್ಯಾಡ.

ಕೂಸು ಅತ್ರೆ ನೀನೇ ಎತ್ತಿ ಅವಳ ಮಗ್ಗುಲಿಗೆ ಮಲಗಿಸು.

ನಿನ್ನ ಹಳೇ ಸೀರೆನೆಲ್ಲ ಟ್ರಂಕಿಗಾಕಿ ಬೀಗ ಜಡಿದಿವ್ನಿ. ಬೀಗದ ಕೈ ನನ್ ಜೊತೆ ಗೆಜ್ಜಲಗೆರೆ ಫ್ಯಾಕ್ಟ್ರಿಗೆ ಬತ್ತದೆ. ಬೈಕೊ.

ನೋಯ್ತದಾ ಅಂತ ಅವಳನ್ನ ಕೇಳ್ಬ್ಯಾಡ. ನೀನು ಬೇಜಾರು ಮಾಡ್ಕೋತೀಯ ಅಂತ ಇಲ್ಲ ಅಂತಾಳೆ. ನೀನು ಬಿಗಿವಾಗೆಲ್ಲ ಅವಳು ಕಚ್ಕೊಂಡಿದ್ದ ಟವಲ್ಲು ದಿಂಬಿನ ಕೆಳಗದೆ. ತಗ್ದು ನೋಡು.

ಕವಿತ