ರನ್‌ವೇ ಮೇಲೆ ಹುರುಳಿ

19 ಜನವರಿ 2025, ಭಾನುವಾರ. ಬೆಳಿಗ್ಗೆ 6.15

ತೂಕ 84.6. ನಿನ್ನೆಗಿಂತ ಇನ್ನೂರು ಗ್ರಾಂ ಕಮ್ಮಿ. ರೇಷ್ಮೆಗೂಡು ತೂಗುವ ಯಂತ್ರ, ಸುಳ್ಳು ಹೇಳಲ್ಲ. 82ಕ್ಕೆ ಇಳಿಯಬೇಕು. ಇನ್ನು ಎರಡು ವಾರ.

ರಾತ್ರಿ ಮುದ್ದೆ ಬಂದ್. ಚೆಲುವಮ್ಮನಿಗೆ ನಗು ತಡೆಯಲಾಗುತ್ತಿಲ್ಲ. “ಅರವತ್ತೊಂದಕ್ಕೆ ಮದ್ವೆ ಗಂಡಾಗಕ್ಕೆ ಒಂಟವ್ರೆ ನಮ್ಮೆಜಮಾನ್ರು” ಅಂತ ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿದಳು. ಹೇಳಿಕೊಳ್ಳಲಿ. ಹೆಂಡತಿ ಆಡಿಕೊಂಡರೆ ಮೈ ಸವೆಯುತ್ತದೆಯೇ... ಸವೆದರೆ ಒಳ್ಳೆಯದೇ.

ಸದಾಶಿವಪ್ಪನ ಮಗ ಬಸವಕುಮಾರ್ ಮೈಸೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಹವ್ಯಾಸಕ್ಕೆ ವಿಮಾನ ಕಲಿತಿದ್ದಾನೆ. ಮೈಕ್ರೋಲೈಟ್ ಅಂತ ಹೆಸರು. ಮೂರು ಚಕ್ರ, ಮೇಲೆ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಎಂಜಿನ್, ಅದಕ್ಕೊಂದು ಫ್ಯಾನ್, ಎರಡು ಸೀಟು. ಅಂಥವು ಇಟ್ಟುಕೊಂಡ ಐದಾರು ಜನ ಫೆಬ್ರವರಿ 1, 2ಕ್ಕೆ ನಮ್ಮೂರು ಅಗರದಲ್ಲಿ ಅವನಪ್ಪನ ಬೀಳು ಜಮೀನಿಗೆ ಹಾರಿ ಬರುತ್ತಾರಂತೆ. ಬಂದು ಊಟ ಮಾಡಿ ಮಾತಾಡಿ, ಮತ್ತೆ ಹಾರಿ ಹೋಗುತ್ತಾರಂತೆ. ಫ್ಲೈ-ಇನ್. ವ್ಯಾಪಾರ ಇಲ್ಲ, ಪಂದ್ಯ ಇಲ್ಲ. ಸುಮ್ಮನೆ ಖುಷಿಗೆ! ಎಲ್ಲದಕ್ಕೂ ಪರ್ಮಿಶನ್ ಕಾಗದ ಆಗಿದೆ.

ನೆಲದ ಉಸ್ತುವಾರಿ ನನ್ನದು. ಮೂವತ್ತೊಂದು ವರ್ಷ ಬಸ್ ಓಡಿಸಿ ಒಂದೂ ಆಕ್ಸಿಡೆಂಟ್ ಮಾಡದವನು ಅಂತ ನನ್ನನ್ನೇ ಕೇಳಿದ. ಕೊನೆಯ ದಿನ ಹಿಂದಿನ ಸೀಟಿನಲ್ಲಿ ಒಂದು ಸುತ್ತು. ತೂಕ 82ರ ಒಳಗಿದ್ದರೆ.

ಕೊಳ್ಳೇಗಾಲ–ಹನೂರು–ಅಜ್ಜೀಪುರ ಹದಿನೆಂಟು ವರ್ಷ, ಕೊಳ್ಳೇಗಾಲ–ಯಳಂದೂರು ಹದಿಮೂರು. ಅಷ್ಟೂ ವರ್ಷ ನೆಲ ನೋಡಿದೆ. ಗುಂಡಿ, ಹಂಪು, ದನ. ತಲೆ ಎತ್ತಿದ್ದೇ ಕಮ್ಮಿ. ಒಂದು ಸಲ ಮೇಲಿಂದ ನೋಡಬೇಕು. ಇನ್ನೇನೂ ಬೇಡ.

22 ಜನವರಿ, ಬುಧವಾರ

84.1.

ರೋಲರ್ ಬಂತು. ಎರಡು ದಿನ ನೀರು ಹೊಡೆದು ಉರುಳಿಸಿದೆವು. ಮುನ್ನೂರೈವತ್ತು ಮೀಟರ್ ಉದ್ದ, ಇಪ್ಪತ್ತು ಅಗಲ. ಅಂಚಿಗೆ ಸುಣ್ಣದ ಗೆರೆ. ಗಾಳಿ ತೋರಿಸಲು ಕಂಬಕ್ಕೆ ಒಂದು ಬಟ್ಟೆಯ ಚೀಲ — ಚೆಲುವಮ್ಮನೇ ಹೊಲಿದಳು, ಬಾಯಲ್ಲಿ ಬೈಯುತ್ತ, ಕೈಯಲ್ಲಿ ಅಚ್ಚುಕಟ್ಟಾಗಿ.

ಪಕ್ಕದ ಹೊಲದ ದೊಡ್ಡಮಾದಮ್ಮ ಬಂದು ನಿಂತು ನೋಡಿದಳು. ಕಾಲಿಂದ ನೆಲ ಒತ್ತಿ ನೋಡಿದಳು. “ಇಂತಾ ಕಣ ನಮ್ಮಪ್ಪನ ಕಾಲ್ದಲ್ಲೂ ಕಂಡಿರ್ನಿಲ್ಲ ಡ್ರೈವರಪ್ಪ.”

“ಇದು ಕಣ ಅಲ್ಲ ಮಾದಕ್ಕ, ರನ್‌ವೇ.”

“ಯಾವ್ದೋ ಒಂದು. ಅಚ್ಚುಕಟ್ಟಾಗದೆ.”

ಅವಳಿಗೆ ನಾನು ಇಂದಿಗೂ ಏಳೂಮುಕ್ಕಾಲರ ಬಸ್ಸಿನ ಡ್ರೈವರೇ. ರಸ್ತೆಯಲ್ಲಿ ಹುರುಳಿ ಹರವಿ ನನಗೇ ಕಾಯುತ್ತಿದ್ದಳು. ನಾನೂ ಸ್ಟೇರಿಂಗ್ ಎಳೆದು ಅವಳ ಹುರುಳಿಯ ನಡುಮಧ್ಯಕ್ಕೇ ಬಿಡುತ್ತಿದ್ದೆ. ಅರ್ಧ ತಾಲ್ಲೂಕಿನ ಹುರುಳಿ ನನ್ನ ಚಕ್ರದಲ್ಲಿ ಒಕ್ಕಣೆ ಆಗಿದೆ.

25 ಜನವರಿ, ಶನಿವಾರ

83.3. ಹಸಿವು.

ಹ್ಯಾಂಡ್‌ಸೆಟ್ ಕೊಟ್ಟಿದ್ದಾನೆ ಬಸವಕುಮಾರ್, ಹಾರುವವರ ಜೊತೆ ಮಾತಾಡಲು, ಜೊತೆಗೆ ಒಂದು ಕಾರ್ಡು. ಮೇಲಿನವರು ಕೇಳಿದರೆ ನಾನು ಹೇಳಬೇಕಾದ್ದು ಕನ್ನಡ ಅಕ್ಷರದಲ್ಲಿ — ‘ಅಗರ ಗ್ರೌಂಡ್. ವಿಂಡ್ ಕಾಮ್. ರನ್‌ವೇ ಕ್ಲಿಯರ್.’ ಮೂರೇ ಮಾತು, ನಡುವಿನದಕ್ಕೆ ಗಾಳಿ ಇಲ್ಲ ಅಂತ ಅರ್ಥ. ನೂರು ಸಲ ಹೇಳಿಕೊಂಡೆ. ಚೆಲುವಮ್ಮ ಹಿತ್ತಲಲ್ಲಿ ನಿಂತು ವಿಮಾನ ಆದಳು. “ಲ್ಯಾಂಡಾಗ್ಲಾ ಸಾ?” ಅಂದಳು. “ರನ್‌ವೇ ಕ್ಲಿಯರ್” ಅಂದೆ. “ಎಮ್ಮೆ ನಿಂತದೆ ಸಾ” ಅಂದಳು. ನಿಜವಾಗಿಯೂ ನಿಂತಿತ್ತು.

30 ಜನವರಿ, ಗುರುವಾರ. ಸಂಜೆ

82.4.

ಇವತ್ತು ಕಂಡೆ.

ಬಸವಕುಮಾರ್ ವಿಮಾನವನ್ನು ಟ್ರೈಲರಿನಲ್ಲಿ ತಂದು, ಇಲ್ಲೇ ಜೋಡಿಸಿ, ಐದು ಗಂಟೆಗೆ ಒಬ್ಬನೇ ಹಾರಿದ. ಓಡಿತು... ಓಡಿತು... ಚಕ್ರಕ್ಕೂ ನೆಲಕ್ಕೂ ನಡುವೆ ಒಂದು ಬೆರಳು ಬೆಳಕು ಕಂಡಿತು. ಅಷ್ಟೇ. ಆ ಒಂದು ಬೆರಳು! ನನ್ನ ಬಸ್ಸಿಗೂ ಆರು ಚಕ್ರ ಇತ್ತು, ಒಂದು ದಿನವೂ ನೆಲ ಬಿಟ್ಟಿರಲಿಲ್ಲ. ಸದಾಶಿವಪ್ಪ ಪಕ್ಕದಲ್ಲೇ ಇದ್ದ, ಮಗನನ್ನು ನೋಡಿ ಬಾಯಿಗೆ ಟವೆಲ್ ಒತ್ತಿಕೊಂಡಿದ್ದ. ಬಿಳಿಗಿರಿ ಬೆಟ್ಟದ ಎದುರಿಗೆ ಆ ಬಟ್ಟೆಯ ರೆಕ್ಕೆ ಹೋಗುವುದನ್ನು ಇಬ್ಬರು ಮುದುಕರು ನೋಡಿದೆವು. ಬೆಟ್ಟದ ಮೇಲೆ ಹೋಗಬಾರದು, ಕಾಡು. ತಿರುಗಿಸಿಕೊಂಡು ಬಂದ.

31 ಜನವರಿ, ಶುಕ್ರವಾರ. ಸಂಜೆ 6

81.8!!

ಮಾದಕ್ಕ ಬಂದಿದ್ದಳು. ಹುರುಳಿ ಕಿತ್ತು ಒಣಗಿದೆ, ಹರವಲು ಜಾಗ ಇಲ್ಲ. “ರಸ್ತೆ ತುಂಬ ಎಲ್ಲಾರ್ದೂ ಬಿದ್ದದೆ. ನಿನ್ ಕಣದ್ ಆ ಕೊನೇಲಿ ಅರವ್ಕಳ್ಳಾ? ನಾಳೆ ಮದ್ಯಾನ್ನುಕ್ಕೆ ಎತ್ಬುಡ್ತೀನಿ.”

ಯೋಚಿಸಿದೆ. ಬಸ್ಸಿನ ಚಕ್ರ ತುಳಿದರೂ ಕಾಳು, ವಿಮಾನದ ಚಕ್ರ ತುಳಿದರೂ ಕಾಳು. ಅವಳ ಕೆಲಸವೂ ಆಗುತ್ತದೆ. ಹರವಿಕೋ ಅಂದೆ. ವಿಮಾನದಲ್ಲಿ ಒಕ್ಕಣೆ — ತಾಲ್ಲೂಕಿನಲ್ಲೇ ಮೊದಲು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಬಂದೆ.

1 ಫೆಬ್ರವರಿ, ಶನಿವಾರ. ಬೆಳಿಗ್ಗೆ 10.30

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

7.20ಕ್ಕೆ ಐದು ಒಟ್ಟಿಗೆ ಬಂದವು. ಕೊಳ್ಳೇಗಾಲದ ದಿಕ್ಕಿನ ಮಂಜಿನಿಂದ ಒಂದೊಂದಾಗಿ... ಕೆಂಪು, ಹಳದಿ, ನೀಲಿ. ಊರಿಗೆ ಊರೇ ಬಂದು ನಿಂತಿತ್ತು. ಕೆಲವರು ಕೈ ಮುಗಿದರು.

ಮೊದಲಿನದರಲ್ಲಿ ರಮ್ಯ ಅಂತ, ಹಲ್ಲಿನ ಡಾಕ್ಟರು. ಕೇಳಿದರು. ಹೇಳಿದೆ — ರನ್‌ವೇ ಕ್ಲಿಯರ್. ಇಳಿಯುತ್ತ ಬಂದವರು ಸಡನ್ನಾಗಿ ಮೇಲೆತ್ತಿದರು.

“ಅಗರ ಗ್ರೌಂಡ್, ರನ್‌ವೇ ಮೇಲೆ ಕಂದು ಬಣ್ಣದ್ದು ಏನದು?”

“ಹುರುಳಿ ಮೇಡಂ. ಏನೂ ಆಗಲ್ಲ, ಅದರ ಮೇಲೇ ಇಳೀರಿ.”

ಬಸವಕುಮಾರ್ ಓಡಿ ಬಂದು ಹ್ಯಾಂಡ್‌ಸೆಟ್ ಕಿತ್ತುಕೊಂಡ. ಯಾರೂ ಇಳಿಯಬೇಡಿ ಅಂದ. ನನ್ನ ಕಡೆ ತಿರುಗಿ, “ಎಂಜಿನ್ ಹಿಂದಿದೆ ಮಾಮ. ಚಕ್ರ ಎಬ್ಬಿಸಿದ ಕಡ್ಡಿ, ಕಾಳು ಎಲ್ಲ ನೇರ ಫ್ಯಾನಿಗೆ. ಫ್ಯಾನ್ ಒಡೆದರೆ ಮುಗೀತು. ಬ್ರೇಕ್ ಹಿಡಿದರೆ ಕಾಳಿನ ಮೇಲೆ ಜಾರ್ತದೆ” ಅಂದ.

ಜಾರುತ್ತದೆ. ನನಗೆ ಗೊತ್ತಿತ್ತು! ಮಾಂಬಳ್ಳಿ ತಿರುವಿನಲ್ಲಿ ನನ್ನ ಬಸ್ಸಿನ ಮುಂದೆಯೇ ಬೈಕಿನವನೊಬ್ಬ ಹುರುಳಿ ಮೇಲೆ ಜಾರಿ ಬಿದ್ದಿದ್ದ. ಬಸ್ ಭಾರಕ್ಕೆ ಜಾರಲಿಲ್ಲ ಅಷ್ಟೇ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ರಮ್ಯ ಅವರ ದನಿ: ಪೆಟ್ರೋಲ್ ಇನ್ನು ಹದಿನೈದು ನಿಮಿಷ.

ಆಗ ಮಾದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು. “ಏನ್ ಬಾಯ್ಬುಟ್ಕಂಡ್ ನಿಂತಿದ್ದೀರವ್ವ, ಬರ್ರಿ!”

ಅಗರದ ಹೆಂಗಸರು ಓಡಿದರು. ನಲವತ್ತು ಜನ ಇದ್ದಿರಬಹುದು. ಸೊಪ್ಪನ್ನು ತಬ್ಬಿಕೊಂಡು ಎತ್ತಿ ಬೇಲಿಯಾಚೆ ಎಸೆದರು. ಶಾಮಿಯಾನದ ಟಾರ್ಪಾಲು ಎಳೆದು ತಂದರು. ಪೊರಕೆ ಬಂತು, ಪೊರಕೆ ಸಿಗದವರು ಸೆರಗಿನಲ್ಲೇ ಗುಡಿಸಿದರು. ಕೊನೆಗೆ ನಾಟಿಗೆ ನಿಂತ ಹಾಗೆ ಅಡ್ಡಸಾಲಾಗಿ ಬಗ್ಗಿ, ಒಂದೊಂದು ಕಾಳು ಆಯುತ್ತ ಹಿಂದಕ್ಕೆ ಬಂದರು. ಮೇಲೆ ಐದು ವಿಮಾನ ಸುತ್ತುತ್ತಿವೆ, ಕೆಳಗೆ ಇವರು ತಲೆಯನ್ನೂ ಎತ್ತುತ್ತಿಲ್ಲ. ನಾನು ಯಾವುದನ್ನು ನೋಡಲಿ? ವಾಚು ನೋಡಿಕೊಂಡೆ. ಹನ್ನೊಂದು ನಿಮಿಷ. ಇಂಥದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ.

ಐದೂ ಇಳಿದವು. ಯಾರಿಗೂ ಏನೂ ಆಗಲಿಲ್ಲ. ಇದನ್ನು ಮೂರು ಸಲ ಬರೆಯಬೇಕು ಅನ್ನಿಸುತ್ತಿದೆ.

1 ಫೆಬ್ರವರಿ, ಸಂಜೆ 5

ಬೆಳಿಗ್ಗೆ ಒಂದು ವಿಷಯ ಬರೆಯಲಿಲ್ಲ.

ಐದನೆಯದು ಇಳಿದ ಮೇಲೆ ಸದಾಶಿವಪ್ಪ ಎಲ್ಲರೆದುರು ಕೇಳಿದ, ಹುರುಳಿ ಹರವಿದ್ದು ಯಾರು ಅಂತ. ಮಾದಕ್ಕ ನನ್ನ ಮುಖ ಒಂದು ಸಲ ನೋಡಿದಳು. “ನಾನೇ ಸಾ. ಯಾರ್ನೂ ಕೇಳ್ನಿಲ್ಲ.”

ಸದಾಶಿವಪ್ಪ ಬಾಯಿಗೆ ಬಂದದ್ದು ಅಂದ. ನಾಳೆ ಈ ಕಡೆ ಕಾಲಿಡಬೇಡ ಅಂದ. ಅವಳು ಸೆರಗಿನಲ್ಲಿದ್ದ ಕಾಳು ಕೊಡವಿಕೊಂಡು ಹೋದಳು.

ನಾನು ಗಾಳಿಚೀಲ ನೋಡುತ್ತ ನಿಂತಿದ್ದೆ. ಬಾಯಿ ಬಿಟ್ಟರೆ ಸೀಟು ಹೋಗುತ್ತದೆ. ಅದೊಂದೇ ತಲೆಯಲ್ಲಿ ಇದ್ದದ್ದು.

ಮನೆಗೆ ಬಂದು ಚೆಲುವಮ್ಮನಿಗೆ ಹೇಳಿದೆ. ಈ ಸಲ ನಗಲಿಲ್ಲ. “ನಿಮ್ ಸೀಟ್ಗೆ ಅವ್ಳ ಮಾನ ಟಿಕೇಟಾ?” ಅಂದಳು. ಎರಡು ಮುದ್ದೆ ತಂದು ತಟ್ಟೆಗಿಟ್ಟಳು. ಒಂದೂ ಇಳಿಯಲಿಲ್ಲ.

2 ಫೆಬ್ರವರಿ, ಭಾನುವಾರ. ಬೆಳಿಗ್ಗೆ 5.50

ತೂಕ ನೋಡಲಿಲ್ಲ.

ಚಪ್ಪಲಿ ಬಿಟ್ಟು ರನ್‌ವೇ ಪೂರ್ತಿ ನಡೆದೆ, ಹೋಗುತ್ತ ಒಂದು ಸಾಲು, ಬರುತ್ತ ಒಂದು ಸಾಲು. ಕಣ್ಣು ತಪ್ಪಿದ್ದು ಕಾಲಿಗೆ ಸಿಗುತ್ತದೆ. ಒಂದು ಕಾಳು ಸಿಕ್ಕಿತು. ಜೇಬಿನಲ್ಲಿದೆ.

2 ಫೆಬ್ರವರಿ, 7.05

ಹೇಳಿಬಿಟ್ಟೆ. ಹಾರುವ ಮುಂಚೆ ಎಲ್ಲರೂ ಸೇರಿ ಗಾಳಿ, ದಾರಿ ಮಾತಾಡುವಾಗ. ‘ಹರವು ಅಂದವನು ನಾನು. ನಿನ್ನೆ ಬಾಯಿ ಮುಚ್ಚಿಕೊಂಡು ಇದ್ದವನೂ ನಾನೇ.’ ಹ್ಯಾಂಡ್‌ಸೆಟ್ ಟೇಬಲ್ ಮೇಲೆ ಇಟ್ಟೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರಮ್ಯ ಅವರು ನೋಟ್‌ಬುಕ್ ತೆಗೆದು ಎಲ್ಲ ಬರೆದುಕೊಂಡರು — ಯಾಕೆ ಹಾಗನ್ನಿಸಿತು, ಬಸ್ಸು, ಒಕ್ಕಣೆ, ಎಲ್ಲ. “ನಮ್ಮಲ್ಲಿ ತಪ್ಪು ಮಾಡಿ ಹೇಳಿದವರಿಗೆ ಶಿಕ್ಷೆ ಇಲ್ಲ. ಬೇರೆ ಕಡೆಯವರು ಓದಿ ಕಲೀತಾರೆ,” ಅಂದರು. ಬಸವಕುಮಾರ್ ಹ್ಯಾಂಡ್‌ಸೆಟ್ ವಾಪಸ್ ಕೈಗಿಟ್ಟ. “ಆದ್ರೆ ನಿನ್ನೇನೇ ಹೇಳ್ಬೇಕಿತ್ತು ಮಾಮ.”

ಹೌದು. ನಿನ್ನೆಯೇ ಹೇಳಬೇಕಿತ್ತು.

ಎಂಟರ ಮೇಲೆ ಗಾಳಿ ಏಳುತ್ತದೆ. ಸವಾರಿಗೆ ಸಮಯ ಇರುವುದು ಒಂದೇ ಸುತ್ತಿಗೆ. ನನ್ನ ಸೀಟು ಮಾದಕ್ಕನಿಗೆ ಕೊಡಿ ಅಂದೆ. ಸದಾಶಿವಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ತಾನೇ ಅವಳನ್ನು ಕರೆಯಲು ಹೋದ. ದೊಡ್ಡ ಮನುಷ್ಯ. ನನಗಿಂತ.

7.30

ಬಂದಳು. ಹುರುಳಿ ರಸ್ತೆಗೆ ಸಾಗಿಸಿ, ಹರವಿಯೇ ಬಂದಳಂತೆ. ಭಯ ಬೀಳುತ್ತಾಳೆ ಅಂದುಕೊಂಡಿದ್ದೆ. ಸೀರೆ ಕಚ್ಚೆ ಹಾಕಿ ಕಟ್ಟಿಕೊಂಡಿದ್ದಾಳೆ! ಕೇಳಿದ್ದು ಒಂದೇ — “ಮ್ಯಾಲಿಂದ ಎಲಡ್ಕೆ ಉಗೀಬೌದಾ?” ಉಗಿಯಬಾರದು, ಫ್ಯಾನ್ ಹಿಂದಿದೆ ಅಂದ ಬಸವಕುಮಾರ್. ಉಗಿದು ಬಂದಳು. ತೂಕ 44. ನಾನು ಹದಿಮೂರು ದಿನ ಮುದ್ದೆ ಬಿಟ್ಟದ್ದು ನೆನೆದು ನಗು ಬಂತು.

ಹೆಲ್ಮೆಟ್ ನಾನೇ ಕಟ್ಟಿದೆ. “ತಪ್ಪಾಯ್ತು ಮಾದಕ್ಕ” ಅಂದೆ. “ಬುಡಪ್ಪ. ಎಷ್ಟ್ ವರ್ಸ ನನ್ ಉರ್ಳಿ ತುಳ್ದಿದ್ದೀಯ” ಅಂದಳು.

7.41

ಏರಿತು. ಹೋಗುವಾಗ ಬಸವಕುಮಾರ್ ಕೇಳಿದ, ಹೇಳಿದೆ: ರನ್‌ವೇ ಕ್ಲಿಯರ್. ಆ ಮಾತಿನ ಅರ್ಥ ಗೊತ್ತಿದ್ದು ಹೇಳಿದ್ದು ಇದೇ ಮೊದಲು.

ಆ ಒಂದು ಬೆರಳು ಬೆಳಕು ಮತ್ತೆ ಕಂಡೆ. ಆಮೇಲೆ ಒಂದಾಳೆತ್ತರ, ಒಂದು ಮರದೆತ್ತರ. ಅಗರದ ಅರವತ್ತೇಳು ವರ್ಷದ ದೊಡ್ಡಮಾದಮ್ಮ ಆಕಾಶದಲ್ಲಿ ಇದ್ದಾಳೆ. ಬರೆದರೂ ನಂಬಿಕೆ ಬರುತ್ತಿಲ್ಲ. ಹೆಂಗಸರೆಲ್ಲ ಈಗ ತಲೆ ಎತ್ತಿದ್ದಾರೆ. ಚೆಲುವಮ್ಮ ನನ್ನ ತೋಳು ಹಿಡಿದಿದ್ದಾಳೆ, ಉಗುರು ಊರುವಷ್ಟು ಗಟ್ಟಿಯಾಗಿ.

7.47

ಅವಳ ದನಿ! ಹ್ಯಾಂಡ್‌ಸೆಟ್ಟಿನಲ್ಲಿ. ಹೆಲ್ಮೆಟ್ಟಿನ ಮೈಕು. ಕಿರುಚುತ್ತಿದ್ದಾಳೆ, ಎಂಜಿನ್ ಸದ್ದಿನ ನಡುವೆ ಪ್ರತಿ ಮಾತೂ ಕೇಳುತ್ತಿದೆ.

“ಡ್ರೈವರಪ್ಪಾ! ನಿನ್ ಬಸ್ಸು! ಏಳೂಮುಕ್ಕಾಲುಂದು! ಯಳಂದೂರ್ ಕಡೀಂದ ಬತ್ತಾ ಅದೆ... ನನ್ ಉರ್ಳಿ ಮ್ಯಾಲೇ ಓಯ್ತಾ ಅದೆ!”

ಆಮೇಲೆ, ಮೆಲ್ಲಗೆ —

“ಇಲ್ಲಿಂದ ನೋಡುದ್ರೆ ಬೆಂಕಿಪೊಟ್ಣದಷ್ಟದೆ ಕಣಪ್ಪ. ಅದ್ರೊಳ್ಗಾ ನೀನು ಮೂವತ್ತೊಂದ್ ವರ್ಸ ಕುಂತಿದ್ದದ್ದು? ಅಷ್ಟ್ ಜನಾನೂ ಕೂರುಸ್ಕಂಡು?”

ಕಣ್ಣು ತುಂಬಿ ಅಕ್ಷರ ಕಾಣುತ್ತಿಲ್ಲ. ಹೌದು ಮಾದಕ್ಕ, ಅದರೊಳಗೇ ಅಂತ ಹೇಳಬೇಕು. ಬಟನ್ ಒತ್ತಲು ಬಲಗೈ ಬೇಕು. ಎಡಗೈಯನ್ನು ಚೆಲುವಮ್ಮ ಬಿಡುತ್ತಿಲ್ಲ. ಪೆನ್ನು ಕೆಳಗಿಡುತ್ತೇನೆ.