ಗುಂಡಿ ತೆಗೆದ ಫೋಟೋ

ಡಿಸೆಂಬರ್ 2, ಬೆಳಿಗ್ಗೆ 9

ಹಲ್ಲಿನ ಆಸ್ಪತ್ರೆಯ ಲಿಫ್ಟ್. ಎರಡನೇ ಮಹಡಿಯಲ್ಲಿ ಬಾಗಿಲು ಮುಚ್ಚುತ್ತಿಲ್ಲ ಎಂದು ಕರೆ. ಹೋಗಿ ನೋಡಿದರೆ ಬಾಗಿಲ ಹಳಿಯಲ್ಲಿ ಯಾರದೋ ಪೆನ್ನಿನ ಕ್ಯಾಪು. ಅಷ್ಟೇ. ಬೆಳಗಿನಿಂದ ಇಡೀ ಆಸ್ಪತ್ರೆಯನ್ನು ಮೆಟ್ಟಿಲು ಹತ್ತಿಸಿತ್ತು ಆ ಕ್ಯಾಪು.

ತೆಗೆಯುವ ಮೊದಲು ಒಂದು ಫೋಟೋ — ‘ಮುಂಚೆ’. ತೆಗೆದ ಮೇಲೆ ಒಂದು — ‘ಆಮೇಲೆ’. ಲಿಫ್ಟ್ ರಿಪೇರಿ ಮಾಡುವ ನಮ್ಮ ಕಂಪನಿಯ ನಿಯಮ. ತಾರೀಖು, ಗಂಟೆ ತಾನಾಗಿಯೇ ಮೂಲೆಯಲ್ಲಿ ಬೀಳುತ್ತದೆ. ‘ಆಮೇಲೆ’ ಹಾಕುವ ತನಕ ಆ್ಯಪ್‌ನಲ್ಲಿ ಕೆಂಪು, ಹಾಕಿದರೆ ಹಸಿರು. ಹನ್ನೊಂದು ವರ್ಷದಿಂದ ಹಸಿರು ನೋಡಿದ ಮೇಲೆಯೇ ಊಟ.

ಇಳಿಯುವಾಗ ಲಾಯರಮ್ಮನ ಫೋನು. ಜನವರಿ ಆರಕ್ಕೆ ಕೇಸು ಬರುತ್ತದಂತೆ. ನಾಳೆ ಬನ್ನಿ ಅಂದರು.

ಡಿಸೆಂಬರ್ 3, ಮಧ್ಯಾಹ್ನ 2

ಲಾಯರಮ್ಮನ ಕೋಣೆಯಲ್ಲಿ ಕುರ್ಚಿಗಳ ಮೇಲೂ ಫೈಲು. ನನ್ನ ಪಾಲಿಗೆ ಅರ್ಧ ಕುರ್ಚಿ.

“ನಿಮ್ ಹೆಂಡ್ತಿ ಕಡೆಯವರು ಏನ್ ಬರೆದಿದಾರೆ ಗೊತ್ತಾ? ಭಾನುವಾರ ಮಗೂನ ಕರ್ಕೊಂಡ್ ಹೋಗ್ತಾರೆ, ಆದ್ರೆ ಜೊತೇಲಿರಲ್ಲ. ಬರೀ ಹೆಸರಿಗೆ ಅಪ್ಪ ಅಂತ.”

“ಜೊತೇಲೇ ಇರ್ತೀನಿ ಮೇಡಂ. ಕೆಲಸದ ಕರೆ ಬಂದ್ರೂ ಜೊತೇಲೇ ಕರ್ಕೊಂಡ್...”

“ಬಾಯಿ ಮಾತು ಬೇಡ. ಫೋಟೋ ತನ್ನಿ. ಈ ವರ್ಷದ್ದು. ನೀವು, ಮಗಳು. ತಾರೀಖು ಇದ್ರೆ ಇನ್ನೂ ಒಳ್ಳೇದು.”

ತಾರೀಖಿಗೇನು ಬರ!

ಹೆಂಡತಿಯಿಂದ ಬೇರೆಯಾಗಿ ವರ್ಷವಾಯಿತು. ಮಗಳು ಅವಳ ಬಳಿ. ನನಗೆ ಭಾನುವಾರ, ಹತ್ತರಿಂದ ಆರು. ನಾನು ಕೇಳುತ್ತಿರುವುದು ಶನಿವಾರವೂ ನನ್ನ ಮನೆಯಲ್ಲಿ ಮಲಗಲಿ ಎಂದು. ಬೆಳಿಗ್ಗೆ ಎದ್ದು, ತಲೆ ಕೆದರಿಕೊಂಡು, ಹಾಸಿಗೆಯಿಂದ ಅಡುಗೆಮನೆಗೆ ಬರುತ್ತಾಳಲ್ಲ — ಅದನ್ನು ನೋಡಬೇಕು. ಬೇರೇನೂ ಬೇಡ.

ಅದೇ ದಿನ, ಸಂಜೆ

ಫೋನಿನಲ್ಲಿ ಈ ವರ್ಷದ ಫೋಟೋ ಮೂರು ಸಾವಿರದ ಒಂಬೈನೂರು ಚಿಲ್ಲರೆ. ಜನವರಿಯಿಂದ ಶುರು ಮಾಡಿದೆ. ಮೋಟಾರು. ಸವೆದ ಹಗ್ಗ. ಬಾಗಿಲು. ಸುಟ್ಟ ವೈರು. ಬಾಗಿಲು. ಬಾಗಿಲು. ಬಾಗಿಲು...

ಮಗಳದು ಎರಡು. ಒಂದರಲ್ಲಿ ಕಣ್ಣು ಮುಚ್ಚಿದ್ದಾಳೆ. ಇನ್ನೊಂದರಲ್ಲಿ ಅಲುಗಿ, ಯಾರ ಮಗಳೋ ಎಂಬಂತಿದ್ದಾಳೆ.

ಮನುಷ್ಯ ಇಡೀ ವರ್ಷ ಏನು ನೋಡಿದ ಎಂದರೆ ಬಾಗಿಲು ನೋಡಿದ. ಹೆಂಡತಿ ಬರೆಸಿದ್ದು ನಿಜವೇ ಇರಬೇಕು.

ಡಿಸೆಂಬರ್ 8, ಭಾನುವಾರ, ಸಂಜೆ 6.30

ಈಗಷ್ಟೇ ಬಿಟ್ಟು ಬಂದೆ. ಬೇಗ ಬರೆದುಬಿಡಬೇಕು.

ಗುಂಡಿ ಹತ್ತಕ್ಕೆ ಬಂದಳು. ಗುಂಡಿ ಅಂದರೆ ಮಗಳು, ಎಂಟು ವರ್ಷ. ಎರಡು ವರ್ಷದವಳಿದ್ದಾಗ ಲಿಫ್ಟ್ ಕಂಡರೆ ಸಾಕು, ಎಲ್ಲ ಗುಂಡಿ ಒತ್ತುತ್ತಿದ್ದಳು. ಆಗ ಇಟ್ಟ ಹೆಸರು. ಅವಳಮ್ಮನಿಗೆ ಹಿಡಿಸದು — “ಏನ್ರೀ ಅದು, ಹೆಣ್ಮಗೂಗೆ ಹಳ್ಳ-ಗುಂಡಿ ಅಂತ!”

ಹನ್ನೊಂದಕ್ಕೆ ಬ್ಯಾಂಕಿನ ಕಟ್ಟಡದಿಂದ ಕರೆ. ಭಾನುವಾರದ ಡ್ಯೂಟಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಬ್ಬರೂ ಹೋದೆವು. ಬಾಗಿಲಿನಿಂದ ಆರು ಅಡಿ ಬಿಟ್ಟು ಸೀಮೆಸುಣ್ಣದ ಗೆರೆ ಹಾಕಿದೆ. ಅದರಾಚೆ ಕಾಲಿಡುವಂತಿಲ್ಲ — ನಮ್ಮಿಬ್ಬರ ಕಾನೂನು. ಗುಂಡಿ ದಾಟುವವಳಲ್ಲ. ಗೆರೆಯ ಹಿಂದೆ ನಿಂತು “ಮುಂಚೇ!” ಎಂದು ಕೂಗುತ್ತಾಳೆ, ನಾನು ಕ್ಲಿಕ್ ಮಾಡುತ್ತೇನೆ. ಮುಗಿದ ಮೇಲೆ “ಆಮೇಲೇ!” ಮೇಲ್ವಿಚಾರಕರೂ ಅಷ್ಟು ಕಟ್ಟುನಿಟ್ಟಲ್ಲ.

ಮಧ್ಯೆ ಕೇಳಿದೆ, “ಗುಂಡೀ, ನಿನ್ ಫೋಟೋನೇ ಇಲ್ವಲ್ಲೇ ನನ್ ಹತ್ರ.”

ಫೋನು ಕಸಿದುಕೊಂಡಳು. ಒಂದು ಬಾಗಿಲ ಫೋಟೋ ಹಿಗ್ಗಿಸಿದಳು. “ಇಲ್ಲೇ ಇದೀನಲ್ಲ! ಕಣ್ ಕಾಣ್ಸಲ್ವಾ?”

ಕನ್ನಡಿಯಂಥ ಸ್ಟೀಲ್ ಬಾಗಿಲಲ್ಲಿ ನಾನು. ಪಕ್ಕದಲ್ಲಿ, ಅಷ್ಟು ಹಿಂದೆ, ಎರಡು ಜಡೆ.

ಇನ್ನೊಂದು ತೆಗೆದಳು. ಅಲ್ಲೂ ಇದ್ದಳು.

ಡಿಸೆಂಬರ್ 10, ರಾತ್ರಿ 8

ಕಂಡಲ್ಲೆಲ್ಲ ಇದ್ದಾಳೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ.

ಜನವರಿ 14 — ಮುಂದಿನ ಹಲ್ಲಿಲ್ಲ. ಬಾಗಿಲಿಗೆ ಅದನ್ನೇ ತೋರಿಸುತ್ತಿದ್ದಾಳೆ. ಮಾರ್ಚ್ 10 — ಕೈಗೆ ಪ್ಲಾಸ್ಟರ್. ಶಾಲೆಯಲ್ಲಿ ಜಾರುಬಂಡಿಯಿಂದ ಬಿದ್ದದ್ದು. ಜೂನ್ 16 — ಹೇನಿನ ಕಾಟಕ್ಕೆ ಕೂದಲು ಕತ್ತರಿಸಿದ್ದರು, ದಿನವಿಡೀ ನನ್ನ ಹೆಲ್ಮೆಟ್ ಬಿಡಲಿಲ್ಲ. ಆಗಸ್ಟ್ 11 — ನನ್ನ ಬೆನ್ನ ಹಿಂದೆ ನನ್ನದೇ ನಡಿಗೆ ಅಣಕಿಸುತ್ತಿದ್ದಾಳೆ. ಕತ್ತೆ! ಅವತ್ತು ಗೊತ್ತೇ ಆಗಿರಲಿಲ್ಲ.

ಹಲ್ಲಿನ ಆಸ್ಪತ್ರೆಗೆ ವರ್ಷದಲ್ಲಿ ನಾಲ್ಕು ಸಲ ಹೋಗಿದ್ದೆವು. ಜನವರಿಯಲ್ಲಿ ಗುಂಡಿಯ ತಲೆ ಗೋಡೆಯ ಗುಂಡಿಗಿಂತ ಕೆಳಗೆ. ನವೆಂಬರಿನಲ್ಲಿ ಸಮಸಮ. ಮಗಳು ಬೆಳೆದದ್ದನ್ನು ಸಾಲಾಗಿ ಇಟ್ಟು ನೋಡಿದೆ. ಕಣ್ಣು ತುಂಬಿತು. ಬರೆಯಲು ನಾಚಿಕೆಯೇನು, ಯಾರು ಓದುತ್ತಾರೆ.

ನಲವತ್ತೊಂದು ಫೋಟೋ. ಒಂದೊಂದಕ್ಕೂ ತಾರೀಖು. ಲಾಯರಮ್ಮನಿಗೆ ಫೋನು ಮಾಡಿದೆ. “ಭೇಷ್! ಆಲ್ಬಂ ಮಾಡ್ಸಿ” ಅಂದರು.

ಡಿಸೆಂಬರ್ 15, ಸಂಜೆ

ಅಕ್ಕ ಬಂದಿದ್ದಳು. ಒಂದೊಂದನ್ನೂ ನೋಡಿದಳು. ಅಕ್ಟೋಬರ್ 13ರದ್ದು ಬಂದಾಗ ಫೋನು ಕೈಯಲ್ಲೇ ಹಿಡಿದು ಕೂತಳು.

ಅದು ಬಾಗಿಲ ಫೋಟೋ ಅಲ್ಲ. ನಾನು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಿದ್ದೆ. ಆಳುದ್ದ ಆಳ. ಗುಂಡಿ ನನ್ನ ಫೋನು ಹಿಡಿದು ಮೇಲಿಂದ “ಅಪ್ಪಾ!” ಅಂದಳು, ತಲೆ ಎತ್ತಿದೆ, ಕ್ಲಿಕ್. ತಲೆಗೆ ಟಾರ್ಚು, ಮುಖವೆಲ್ಲ ಗ್ರೀಸು, ಬಾಯಿ ತುಂಬ ನಗು. ಮೂವತ್ತೆರಡು ಹಲ್ಲೂ ಕಾಣುತ್ತವೆ.

“ಇದನ್ನ ಮೊದಲ್ನೇ ಪುಟಕ್ಕೆ ಹಾಕೋ. ನೀನ್ ಹಿಂಗ್ ನಕ್ಕಿದ್ದು ಯಾವ್ ಕಾಲ ಆಯ್ತೋ.”

ವರ್ಷವಿಡೀ ನಾನು ನಕ್ಕ ಫೋಟೋ ಅದೊಂದೇ. ಮೊದಲ ಪುಟಕ್ಕೇ ಹಾಕುತ್ತೇನೆ.

ಜನವರಿ 4

ಸ್ಟುಡಿಯೋದವನು ಇವತ್ತು ಕೊಟ್ಟ. ಹೇಳಿದ್ದು ಒಂದು ವಾರ, ಆದದ್ದು ಮೂರು. ದಪ್ಪ ರಟ್ಟು, ನೀಲಿ ಬಟ್ಟೆ.

ಕೂತು ಕೆಳಗೆಲ್ಲ ಬರೆದೆ. ಕೆಲಸದಲ್ಲಿ ಬರೆಯುವ ಹಾಗೆಯೇ — ತಾರೀಖು, ದೂರು, ಮಾಡಿದ ಕೆಲಸ. ಕೈಗೆ ಬೇರೆ ಬರವಣಿಗೆ ಬರುವುದಿಲ್ಲ. ಮೊದಲ ಪುಟಕ್ಕೆ ಮಾತ್ರ ಸ್ವಲ್ಪ ತಮಾಷೆ ಮಾಡಿದೆ: “ಅಕ್ಟೋಬರ್ 13. ದೂರು: ಲಿಫ್ಟ್ ಜಾರುತ್ತಿದೆ. ನಾನು ಗುಂಡಿಯಲ್ಲಿ. ತೆಗೆದದ್ದು ಗುಂಡಿ.”

ನಾಳಿದ್ದು ಗೆಲ್ಲುತ್ತೇನೆ ಅನ್ನಿಸುತ್ತಿದೆ. ಶನಿವಾರಕ್ಕೆಂದು ಹೊಸ ದಿಂಬು ತಂದಿಟ್ಟಿದ್ದೇನೆ.

ಜನವರಿ 6, ಸಂಜೆ 4

ಹತ್ತೂವರೆ ಅಂದಿದ್ದರು, ಕೂಗಿದ್ದು ಹನ್ನೆರಡಕ್ಕೆ. ಲಾಯರಮ್ಮ ಇನ್ನೊಂದು ಕೇಸಿನಿಂದ ಓಡಿ ಬಂದರು. ಆಲ್ಬಮ್ಮಿನ ಮಧ್ಯದ ನಾಲ್ಕು ಹಾಳೆ ತಿರುವಿ, “ಚೆನ್ನಾಗಿದೆ ರೀ” ಎಂದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದರು.

ಜಡ್ಜ್ ಮೊದಲ ಪುಟ ತೆರೆದರು. ಗಟ್ಟಿಯಾಗಿ ಓದಿದರು.

“‘ನಾನು ಗುಂಡಿಯಲ್ಲಿ. ತೆಗೆದದ್ದು ಗುಂಡಿ.’ ಏನಪ್ಪ ಇದು? ಗುಂಡಿ ತೆಗೆದವರು ಯಾರು, ಗುಂಡಿಗೆ ಬಿದ್ದವರು ಯಾರು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲಿಲ್ಲದ ಹುಮ್ಮಸ್ಸು.

“ಗುಂಡಿ ಅಂದ್ರೆ ನನ್ ಮಗಳು ಸ್ವಾಮಿ. ಈ ಫೋಟೋ ಅವಳೇ ತೆಗ್ದಿದ್ದು. ಎಂಟು ವರ್ಷಕ್ಕೆ ಎಷ್ಟು ನೇರವಾಗಿ ಹಿಡಿದಿದಾಳೆ ನೋಡಿ.”

ಜಡ್ಜ್ ನಗಲಿಲ್ಲ. ಫೋಟೋ ಹತ್ತಿರ ಹಿಡಿದರು.

“ನೀವು ಕೆಳಗಿದೀರಿ. ಬಾಗಿಲು ತೆಗ್ದಿದೆ. ಮಗು ಎಲ್ಲಿ ನಿಂತಿತ್ತು?”

ಆಗ ಗೊತ್ತಾಯಿತು. ಮಾತು ಬಾಯಿಂದ ಜಾರಿದ ಮೇಲೆ.

“ಅಂಚಲ್ಲಿ” ಅಂದೆ. ಸುಳ್ಳು ಹೇಳಬಹುದಿತ್ತೋ ಏನೋ, ಹೊಳೆಯಲಿಲ್ಲ.

ಮುಂದೆ ಹೆಂಡತಿ ಕಡೆಯ ವಕೀಲರ ಕೆಲಸ ಸಲೀಸು. ಒಂದೊಂದೇ ಹಾಳೆ ತಿರುವಿ ನನ್ನ ಅಕ್ಷರ ಓದಿದರು. ‘ಬಾಗಿಲು ತಾನಾಗಿ ತೆರೆಯುತ್ತಿದೆ.’ ‘ವೈರು ಸುಟ್ಟಿದೆ.’ “ಪ್ರತಿಯೊಂದರಲ್ಲೂ ಮಗು ಇದೆ ಸ್ವಾಮಿ. ಅವರೇ ಹೇಳ್ತಿದಾರೆ.” ಅಕ್ಟೋಬರ್ 13ರಂದು ಮೊದಲು ಬ್ರೇಕ್ ಸರಿಮಾಡಿ, ಮೇನ್ ಸ್ವಿಚ್ ಆರಿಸಿ, ಆಮೇಲೆ ಕೆಳಗಿಳಿದಿದ್ದೆ. ಲಿಫ್ಟ್ ಜಾರುವ ಪ್ರಶ್ನೆಯೇ ಇರಲಿಲ್ಲ. ಹೇಳಿ ಏನು ಪ್ರಯೋಜನ? ಜಾರದಿದ್ದರೂ ಗುಂಡಿ ಗುಂಡಿಯೇ, ಕೆಳಗೆ ಕಬ್ಬಿಣವೇ.

ಹೊರಗೆ ಬಂದ ಮೇಲೆ ಲಾಯರಮ್ಮ ಹಣೆ ಹಿಡಿದುಕೊಂಡರು. “ಮೊದಲ್ನೇ ಪುಟ ನಾನು ನೋಡೇ ಇಲ್ಲ ಕಣ್ರೀ. ಅವರು ಒಂದ್ ಸಾಕ್ಷಿನೂ ತರಬೇಕಾಗಿಲ್ಲ. ಎಲ್ಲಾ ನಾವೇ ಬೈಂಡ್ ಮಾಡ್ಸಿ ಕೊಟ್ಟಿದೀವಿ.”

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. ಅದೂ ನೀಲಿ ರಟ್ಟು ಹಾಕಿಸಿ.

ಮೆಟ್ಟಿಲ ಹತ್ತಿರ ಹೆಂಡತಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ.

“ಲೇಸ್ ಕಟ್ಟಿರ್ಲಿಲ್ಲ” ಅಂದಳು.

“ಏನು?”

“ಫೋಟೋದ ಕೆಳಗೆ ಅವಳ ಶೂ ಕಾಣ್ಸುತ್ತೆ. ಎಡಗಾಲಿಂದು. ಲೇಸ್ ಗುಂಡಿ ಒಳಗೆ ನೇತಾಡ್ತಿದೆ. ನೀವು ನೋಡ್ಲೇ ಇಲ್ವಾ?”

ಬೈದಿದ್ದರೆ ಚೆನ್ನಾಗಿತ್ತು.

ಜನವರಿ 7

ನೋಡಿದೆ. ನೇತಾಡುತ್ತಿದೆ.

ಜನವರಿ 10, ಬೆಳಿಗ್ಗೆ

ಆ ಫೋಟೋ ನೂರು ಸಲ ನೋಡಿದ್ದೇನೆ. ನೂರು ಸಲವೂ ನೋಡಿದ್ದು ನನ್ನ ಹಲ್ಲು. ಹೆಂಡತಿ ಒಂದೇ ಸಲ ನೋಡಿದಳು, ನೇರ ಶೂಗೆ ಹೋಯಿತು ಕಣ್ಣು.

ಕೇಸು ಸೋಲುವುದು ಇರಲಿ. ಅವತ್ತು ನಾನು ತಲೆ ಎತ್ತಿದಾಗ ಮಗಳು ಅಂಚಿನಲ್ಲಿ ನಿಂತಿದ್ದಳು. ಹಿಂದೆ ಸರಿ ಎಂದು ಕಿರುಚಬೇಕಿತ್ತು. ನಕ್ಕೆ. ಅದಕ್ಕೆ ಸಾಕ್ಷಿ ಇದೆ, ತಾರೀಖು ಸಮೇತ. ಜಡ್ಜ್ ಕೇಳಿದ್ದು ತಪ್ಪು ಎಂದು ಯಾರಿಗೆ ಹೇಳಲಿ?

ಜನವರಿ 20

ಆದೇಶ ಬಂತು. ಭಾನುವಾರ ಇಲ್ಲ. ತಿಂಗಳಿಗೊಮ್ಮೆ, ಎರಡನೇ ಶನಿವಾರ, ಒಂದು ಗಂಟೆ. ಕೋರ್ಟಿನ ಕೋಣೆಯಲ್ಲಿ, ಅಧಿಕಾರಿಯ ಎದುರಿಗೆ. ಫೋನು ಒಯ್ಯುವಂತಿಲ್ಲ.

ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಆ ಆಲ್ಬಂ ಕೂಡ ಜೊತೆಗೇ ಬರುತ್ತದೆ ಅಂದರು ಲಾಯರಮ್ಮ.

ಅಕ್ಕ ಫೋನಿನಲ್ಲಿ ಅತ್ತಳು. “ನಾನೇ ಕಣೋ ಮೊದಲ್ನೇ ಪುಟಕ್ಕೆ ಹಾಕು ಅಂದಿದ್ದು.” ಸಮಾಧಾನ ಹೇಳುವಷ್ಟು ದೊಡ್ಡವನಾಗಲಿಲ್ಲ. ಹೂಂ ಎಂದು ಇಟ್ಟುಬಿಟ್ಟೆ.

ಜನವರಿ 26, ಭಾನುವಾರ

ಬ್ಯಾಂಕಿನ ಕಟ್ಟಡ. ಒಬ್ಬನೇ. ಅಭ್ಯಾಸಬಲ — ಸೀಮೆಸುಣ್ಣ ತೆಗೆದು ಗೆರೆ ಹಾಕಿದೆ. ಹಾಕಿದ ಮೇಲೆ ಯಾರಿಗೆ ಎಂದು ನೆನಪಾಯಿತು. ಕಾಲಿನಿಂದ ಒರೆಸಿದೆ, ಪೂರ್ತಿ ಹೋಗಲಿಲ್ಲ.

ಮುಂಚೆ. ಆಮೇಲೆ. ಎರಡರಲ್ಲೂ ಬಾಗಿಲಲ್ಲಿ ಒಬ್ಬ ಗಂಡಸು. ಆ್ಯಪ್ ಹಸಿರು.

ಹೊಸ ದಿಂಬನ್ನು ಕಪಾಟಿನ ಮೇಲೆ ಎಸೆದಿದ್ದೇನೆ.

ಫೆಬ್ರವರಿ 8, ಸಂಜೆ 5

ಗೇಟಿನಲ್ಲಿ ಫೋನು ಇಸಿದುಕೊಂಡು ಟೋಕನ್ ಕೊಟ್ಟರು. ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಒಂದು ಕಿವಿ ಇಲ್ಲದ ಬಟ್ಟೆಯ ಮೊಲ. ಅಧಿಕಾರಿ ಅಮ್ಮ ಮೂಲೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದರು. ಒಳ್ಳೆಯವರು, ಆದಷ್ಟು ನಮ್ಮ ಕಡೆ ನೋಡಲಿಲ್ಲ.

ಗುಂಡಿ ಬಂದಳು. ಹೊಸ ಶೂ. ಲೇಸಿಲ್ಲ, ಅಂಟುವ ಪಟ್ಟಿಯದು. ಬಾಗಿಲಲ್ಲೇ ನಿಂತು, ಎರಡೂ ಕೈಯ ಬೆರಳು ಸೇರಿಸಿ ಚೌಕ ಮಾಡಿ, ಒಂದು ಕಣ್ಣು ಮುಚ್ಚಿ — “ಮುಂಚೇ! ಟಿಕ್.”

ನಗಲು ನೋಡಿದೆ. ಎಷ್ಟು ಬಂತೋ.

ಶಾಲೆ, ಹೊಸ ಟೀಚರು, ಪಕ್ಕದ ಬೆಂಚಿನವಳ ಜೊತೆ ಠೂ ಬಿಟ್ಟದ್ದು — ಎಲ್ಲ ಹೇಳಿದಳು. ಆಮೇಲೆ ಮೊಲದ ಇದ್ದ ಒಂದು ಕಿವಿ ತಿರುಚುತ್ತಾ ಕೂತಳು.

“ಅಪ್ಪಾ, ನಾನು ಫೋಟೋ ತೆಗ್ದೆ ಅಂತ ಭಾನುವಾರ ಹೋಯ್ತಾ?”

“ಅಲ್ಲ ಮಗಳೇ. ಅದು ಅಪ್ಪನ ತಪ್ಪು.”

“ಅಮ್ಮಾನೂ ಹಂಗೇ ಅಂದ್ಲು. ಆದ್ರೆ... ನಾನು ಗೆರೆ ದಾಟಿದ್ದೆ ಅಲ್ವಾ?”

“ಇಲ್ವೇ ಇಲ್ಲ. ಅವತ್ತು ಅಪ್ಪ ಗೆರೆ ಹಾಕೋದೇ ಮರೆತಿದ್ದ.”

ಹಾಕಿದ್ದೆನೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಹಾಕಿರಲಿಲ್ಲ ಎಂದೇ ಇರಲಿ. ಅವಳು ನಂಬಿದಳೋ ಗೊತ್ತಾಗಲಿಲ್ಲ.

ಅಧಿಕಾರಿ ಅಮ್ಮ ಗಡಿಯಾರ ನೋಡಿ ಕೆಮ್ಮಿದರು. ಹೊರಗೆ ಅವಳಮ್ಮ ಬಂದಾಗಿತ್ತು. ಗುಂಡಿ ಬಾಗಿಲ ತನಕ ಹೋಗಿ ತಿರುಗಿದಳು. ಬೆರಳಿನ ಚೌಕ ಮಾಡುತ್ತಾಳೆಂದು ನೆಟ್ಟಗೆ ಕೂತೆ. ಕೈ ಎತ್ತಲಿಲ್ಲ.

“ಅಪ್ಪಾ... ಆಮೇಲೆ?”

ಅಷ್ಟರಲ್ಲಿ ಅಧಿಕಾರಿ ಅಮ್ಮ ಬಾಗಿಲು ಮುಂದೆ ಮಾಡಿದರು. ಬಣ್ಣ ಬಳಿದ ಮರದ ಬಾಗಿಲು. ಅದರಲ್ಲಿ ಯಾರೂ ಕಾಣುವುದಿಲ್ಲ.

ಟೋಕನ್ ಕೊಟ್ಟು ಫೋನು ತೆಗೆದುಕೊಂಡೆ. ಮೆಟ್ಟಿಲು ಇಳಿದೆ. ‘ಮುಂಚೆ’ ಆಯಿತು, ‘ಆಮೇಲೆ’ ಇನ್ನೂ ಬಾಕಿ — ಕೆಂಪು.